ಚಿಕ್ಕ ಪಿಸ್ತೂಲು, ಬೊಗಳದ ನಾಯಿಗಳು

ಕತ್ತಲಾಗುವುದರೊಳಗೆ ಕರಡಿ ಸಿಗಬೇಕಿತ್ತು. ಸಿಗದಿದ್ದರೆ ಸಂಜೆ ಇನ್ನೊಂದು ತಂಡ ಬರುತ್ತಿತ್ತು. ಅವರ ಬಂದೂಕುಗಳಲ್ಲಿ ಅರಿವಳಿಕೆಯ ಡಾರ್ಟ್ ಇರುವುದಿಲ್ಲ, ಗುಂಡು ಇರುತ್ತದೆ.

"ಇವತ್ತೊಂದು ದಿನ ಕೊಡ್ತೀವಿ, ಡಾಕ್ಟರ್," ಎಂದಿದ್ದರು ಇಲಾಖೆಯ ಮೇಲಿನವರು ಫೋನಿನಲ್ಲಿ. ಅಲಮೇಲು ಆಯಿತು ಎಂದಿದ್ದಳು.

ನಗರದಂಚಿನ ಬಡಾವಣೆ ಬುಕಿತ್ ಪಂಜಾಂಗ್‌ನ ಕೊನೆಯ ಬ್ಲಾಕುಗಳು ಮುಗಿದು ಕಾಡು ಶುರುವಾಗುವಲ್ಲಿ ಒಂದು ಕಾರ್ ಪಾರ್ಕ್ ಇದೆ. ಒಂದು ಕಡೆ ಕಿಟಕಿಗಳಿಂದ ಹೊರಚಾಚಿದ ಗಳಗಳ ಮೇಲೆ ಬಟ್ಟೆ ಒಣಗುವ ಫ್ಲಾಟುಗಳು, ಅವುಗಳ ನಡುವೆ ತಿರುಗಾಡುವ ಎಲ್‌ಆರ್‌ಟಿಯ ಪುಟ್ಟ ರೈಲು. ಇನ್ನೊಂದು ಕಡೆ ಎಲೆಗಳದೇ ಗೋಡೆ. ಆ ಗೋಡೆಯ ಹಿಂದೆ ಎಲ್ಲೋ ಒಂದು ಹೆಣ್ಣು ಕರಡಿಯಿತ್ತು. ಎದೆಯ ಮೇಲೆ ಹಳದಿ ಅರ್ಧಚಂದ್ರವಿರುವ, ದೊಡ್ಡ ನಾಯಿಯಷ್ಟೇ ಎತ್ತರದ ಸನ್ ಬೇರ್. ಯಾರೋ ಮರಿಯಿದ್ದಾಗ ಕದ್ದು ತಂದು ಪಂಜರದಲ್ಲಿ ಸಾಕಿದ್ದರು. ಬೆಳೆದು ದೊಡ್ಡದಾದಾಗ, ಸಿಕ್ಕಿಬೀಳುವ ಭಯಕ್ಕೆ ಕಾಡಿನಂಚಿಗೆ ತಂದು ಬಿಟ್ಟು ಓಡಿಹೋಗಿದ್ದರು. ಮೊನ್ನೆ ಅದು ಕಸದ ತೊಟ್ಟಿ ಉರುಳಿಸಿತ್ತು. ನಿನ್ನೆ ಬೆಳಗ್ಗೆ ವಾಕಿಂಗ್ ಬಂದವರ ಮುಂದೆಯೇ ಪಾರ್ಕ್ ಕನೆಕ್ಟರ್ ಎಂಬ ಕಾಲುದಾರಿ ದಾಟಿತ್ತು. ರಸ್ತೆಯಾಚೆ ಮಕ್ಕಳ ಶಾಲೆ. ಮೇಲಿನವರ ಅವಸರ ಅಲಮೇಲುವಿಗೆ ಅರ್ಥವಾಗದ್ದೇನಲ್ಲ.

ತಂಡದಲ್ಲಿದ್ದದ್ದು ನಾಲ್ಕೇ ಜನ. ವನ್ಯಜೀವಿ ರಕ್ಷಣೆಯ ಒಂದು ಸಣ್ಣ ಸಂಘದ ವೈದ್ಯೆ ಅಲಮೇಲು. ಐವತ್ತು ದಾಟಿದವಳು, ಮೈಸೂರಿನಲ್ಲಿ ಕರಡಿಗಳಿಗೆ ಔಷಧಿ ಕೊಟ್ಟು ಕೈ ಪಳಗಿಸಿಕೊಂಡವಳು. ಬೂನ್ ಲೇ ಬಡಾವಣೆಯ ದಿವಾಕರ. ಜುರೊಂಗ್‌ನ ಕಾರ್ಖಾನೆಯಲ್ಲಿ ಎಂಜಿನಿಯರ್, ರಜಾದಿನಗಳಲ್ಲಿ ತನ್ನೆರಡು ನಾಯಿಗಳೊಂದಿಗೆ ಕಾಡಿನಲ್ಲಿ ದಾರಿತಪ್ಪಿದವರನ್ನು ಹುಡುಕುವವನು. ಡ್ರೋನ್ ಹಾರಿಸುವ ನಿಶ್ಚಿತಾ, ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ನಾಲ್ಕನೆಯವನು ಪೊಲೀಸ್ ಅಧಿಕಾರಿ ಕರಣ್. ಅವನ ಸೊಂಟದಲ್ಲಿ ನಿಜವಾದ ಪಿಸ್ತೂಲಿತ್ತು. ಅವನಿಗೆ ಕನ್ನಡ ಬಾರದು, ಅವನೊಂದಿಗೆ ಎಲ್ಲರದೂ ಇಂಗ್ಲಿಷ್.

ಕರಣ್ ವ್ಯಾನಿನ ಹಿಂಬಾಗಿಲು ತೆರೆದು, ಬೀಗ ಹಾಕಿದ್ದ ಪೆಟ್ಟಿಗೆ ಬಿಚ್ಚಿದ. ಒಳಗೆ ಎರಡು ಡಾರ್ಟ್ ಬಂದೂಕುಗಳು. ಒಂದು ಉದ್ದನೆಯದು, ದುರ್ಬೀನು ಕೂಡಿಸಿದ ರೈಫಲ್. ಇನ್ನೊಂದು ಮೊಳದುದ್ದವೂ ಇಲ್ಲದ ಪಿಸ್ತೂಲು, ಹಿಡಿಯ ಕೆಳಗೆ ಬೆರಳು ಗಾತ್ರದ ಗ್ಯಾಸ್ ಕೊಳವೆ.

"ಒಂದನ್ನ ಮಾತ್ರ ಕೊಡಬಹುದು. ಹಾಗಂತ ಪರ್ಮಿಟ್," ಎಂದ ಕರಣ್. "ಯಾವುದು ಬೇಕು, ಡಾಕ್ಟರ್?"

ಮೂವರೂ ಅವಳ ಮುಖ ನೋಡಿದರು. ನಾಯಿಗಳೂ ನೋಡಿದವು.

ಯಾವುದಾದರೂ ಸರಿ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಅದು ಅಲ್ಲಿ ಬಹಳ ವರ್ಷದಿಂದ ಕೂತಿತ್ತು. ಗಂಡನ ಬ್ಯಾಂಕಿನ ಕೆಲಸಕ್ಕಾಗಿ ಮೈಸೂರು ಬಿಟ್ಟು ಈ ಪರದೇಶದ ಊರಿಗೆ ಬಂದಾಗ ಅವಳ ವಾಸದ ಪಾಸಿನ ಮೇಲೆ ಬರೆದಿದ್ದದ್ದು ಅವಲಂಬಿತಳು ಎಂದು. ಅವಳ ಡಿಗ್ರಿ ಇಲ್ಲಿ ನಡೆಯುವುದಿಲ್ಲ ಎಂದಾಗ ಪ್ರಾಣಿಗಳ ಶೆಲ್ಟರಿನಲ್ಲಿ ಪಂಜರ ತೊಳೆದಳು, ಮತ್ತೆ ಪರೀಕ್ಷೆ ಬರೆದಳು. ಆ ನಡುವಿನ ವರ್ಷಗಳಲ್ಲಿ ಯಾವ ಕಾಂಡೋ, ಯಾವ ಸೋಫಾ, ಯಾವ ಸ್ಕೂಲು ಎಂದು ಯಾರಾದರೂ ಕೇಳಿದರೆ ಯಾವುದಾದರೂ ಸರಿ ಎನ್ನುವುದು ಅವಳಿಗೆ ರೂಢಿಯಾಯಿತು. ಅದು ಒಳ್ಳೆಯತನವೆಂದು ಎಲ್ಲರೂ ತಿಳಿದರು. ಸ್ವಲ್ಪ ಕಾಲ ಅವಳೂ ತಿಳಿದಿದ್ದಳು.

"ಪಿಸ್ತೂಲು," ಎಂದಳು.

"ಆಂಟಿ, ಅದು ಆಟದ ಸಾಮಾನು ಥರ ಇದೆ ಲಾ," ಎಂದು ನಿಶ್ಚಿತಾ, ಈ ಊರಿನವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ ನಕ್ಕಳು. "ರೈಫಲ್ ನೋಡಿ, ಎಷ್ಟು ಸ್ಟೈಲಾಗಿದೆ."

"ನನ್ನನ್ನ ಕೇಳಿದರೆ ನಾನೂ ರೈಫಲ್ ಅಂತೀನಿ," ಎಂದ ಕರಣ್. "ದೂರದಿಂದ ಹೊಡೀಬಹುದು. ಪಿಸ್ತೂಲಿನ ಡಾರ್ಟ್ ಹತ್ತು ಹೆಜ್ಜೆ ಆಚೆ ಎಲ್ಲಿಗೆ ಹೋಗುತ್ತೋ ದೇವರೇ ಬಲ್ಲ."

"ದೂರದಿಂದ ನೋಡೋಕೆ ಆ ಕಾಡಲ್ಲಿ ಜಾಗ ಎಲ್ಲಿದೆ, ಕರಣ್? ನಾಯಿ ಬಿಟ್ಟು ಹುಡುಕ್ತಿದೀವಿ. ಕರಡಿ ಸಿಕ್ಕಾಗ ನಾನು ಅದರ ಪಕ್ಕದಲ್ಲೇ ಇರ್ತೀನಿ. ಅಷ್ಟು ಹತ್ತಿರದಿಂದ ರೈಫಲ್ ಹೊಡೆದರೆ ಪ್ರೆಶರ್ ಎಷ್ಟೇ ಇಳಿಸಿದ್ರೂ ಜಾಸ್ತಿನೇ. ಚಿಕ್ಕ ಪ್ರಾಣಿ, ಮೂಳೆ ಮುರಿಯುತ್ತೆ."

ಅವಳು ಎರಡನ್ನೂ ಒಂದೊಂದಾಗಿ ಎತ್ತಿ ನೋಡಿದಳು. ರೈಫಲ್ಲಿಗೆ ಕೆನ್ನೆಯಿಟ್ಟಾಗ ಕನ್ನಡಕ ಓರೆಯಾಗಿ, ಓದುವ ಗಾಜಿನ ಭಾಗ ಕಣ್ಣಿಗೆ ಅಡ್ಡ ಬಂತು. ದುರ್ಬೀನಿನೊಳಗೆಲ್ಲ ಮಂಜು. ಪಿಸ್ತೂಲನ್ನು ತೋಳು ಚಾಚಿ ಹಿಡಿದರೆ ಸ್ಪಷ್ಟವಾಗಿತ್ತು. ಹಿಡಿ ಅವಳ ಅಂಗೈಗೆ ತುಸು ದಪ್ಪವೇ, ಆದರೆ ತೋರುಬೆರಳು ಟ್ರಿಗರಿಗೆ ತಲುಪುತ್ತಿತ್ತು. ಇಳಿಸಿದರೆ ಸೊಂಟದ ಚೀಲದೊಳಗೆ ಕೂತುಬಿಡುತ್ತಿತ್ತು, ಎರಡೂ ಕೈ ಖಾಲಿ.

ಕರಣ್ ತಲೆಯಾಡಿಸಿದ. "ನನ್ನ ಮಾವ ಕೆನಡಾದಲ್ಲಿದಾರೆ. ಅಲ್ಲಿ ನಾಯಿ ಬಿಟ್ಟು ಕರಡಿ ಬೇಟೆಯಾಡೋ ಹಳಬರನ್ನ ನೋಡಿದಾರಂತೆ. ಅವರೂ ಚಿಕ್ಕ ಬಂದೂಕೇ ಕೇಳ್ತಾರಂತೆ. ಒಂದು ಕೈಲಿ ನಾಯಿಯ ಹಗ್ಗ, ಇನ್ನೊಂದರಲ್ಲಿ ಕೊಂಬೆ. ಭುಜದ ಮೇಲಿನ ಬಂದೂಕು ಗಿಡಕ್ಕೆ ಸಿಕ್ಕಿಹಾಕ್ಕೊಂಡು ಹಿಂದೆ ಎಳೆಯುತ್ತಂತೆ."

"ಅವರು ನಾಯಿಗಳಿಂದ ಕರಡಿಯನ್ನ ಮರ ಹತ್ತಿಸ್ತಾರೆ, ಕೆಳಗಿಂದ ಗುಂಡು ಹೊಡೀತಾರೆ," ಎಂದಳು ಅಲಮೇಲು. "ನಮಗದು ನಡೆಯಲ್ಲ. ಮರ ಹತ್ತಿದರೆ ಪಿಸ್ತೂಲು ತಲುಪಲ್ಲ. ತಲುಪಿದರೂ ಮಂಪರು ಬಂದು ಮೇಲಿಂದ ಬಿದ್ದರೆ ಸಾಯುತ್ತೆ. ನೆಲದ ಮೇಲೆ ಇದ್ದಾಗಲೇ ಹೊಡೀಬೇಕು."

ಪಿಸ್ತೂಲು ತೆಗೆದುಕೊಂಡದ್ದರ ಬೆಲೆ ಅದಾಗಿತ್ತು. ಅದು ಅವಳಿಗೂ ಗೊತ್ತಿತ್ತು.

ಹೊರಡುವ ಹೊತ್ತಿಗೆ ಫೋನ್ ಬಂತು. ರಾಫೆಲ್ಸ್ ಪ್ಲೇಸಿನ ಆಫೀಸಿನಿಂದ ಗಂಡ ಗಿರಿಧರ್, ಅವಳು ಕಳಿಸಿದ್ದ ಮೆಸೇಜ್ ನೋಡಿ.

"ಅಲ್ಲ ಕಣೇ, ನಿನ್ನ ಕೈಲಿ ಪಿಸ್ತೂಲಾ? ಮನೇಲಿ ಕುಕ್ಕರ್ ವೆಯ್ಟ್ ತೆಗೆಯೋಕೂ ನನ್ನ ಕರೀತೀಯ."

"ಅದು ಬಿಸಿ ಇರುತ್ತೆ ರೀ. ಇದು ತಣ್ಣಗಿದೆ."

"ಆ ಪೊಲೀಸಪ್ಪ ಹೊಡೆಯಲಿ ಬಿಡು."

"ಅವರು ಹೊಡೆದರೆ ಸತ್ತುಹೋಗುತ್ತೆ," ಎಂದು ಹೇಳಿ ಫೋನನ್ನು ಸೈಲೆಂಟಿಗೆ ಹಾಕಿದಳು.

ಕಾಡಿನೊಳಗೆ ಕಾಲಿಟ್ಟ ಕೂಡಲೇ ಹೆದ್ದಾರಿಯ ಸದ್ದು ಸಣ್ಣದಾಯಿತು. ಅದು ಹಳೆಯ ರಬ್ಬರ್ ತೋಟ. ಯಾರೂ ಕೇಳುವವರಿಲ್ಲದೆ ಕಾಡಾಗಿಬಿಟ್ಟದ್ದು. ಸಾಲಾಗಿ ನೆಟ್ಟಿದ್ದ ಮರಗಳು ಈಗಲೂ ಸಾಲಿನಲ್ಲೇ ಇದ್ದವು, ಆದರೆ ಸಾಲುಗಳ ನಡುವೆ ಜರೀಗಿಡ, ಬೆತ್ತದ ಮುಳ್ಳು, ಮನೆಯ ಕಂಬದಷ್ಟು ದಪ್ಪನೆಯ ಬಳ್ಳಿಗಳು ತುಂಬಿಕೊಂಡಿದ್ದವು. ತೊಗಟೆಗಳ ಮೇಲೆ ಹಿಂದಿನವರು ಹಾಲು ಇಳಿಸಿದ ಓರೆ ಗಾಯದ ಗುರುತುಗಳು. ಗಾಳಿ ಅಲುಗಾಡದೆ ನಿಂತಿತ್ತು. ಬೆಳಕು ಮೇಲಿನಿಂದ ಸೋರಿ ಬರುವಾಗ ಹಸಿರಾಗಿ, ನೆಲ ಮುಟ್ಟುವಾಗ ಕಂದಾಗುತ್ತಿತ್ತು. ಎಲ್ಲೋ ಒಂದು ಕೋತಿಗಳ ಹಿಂಡು ಜಗಳವಾಡುತ್ತಿತ್ತು. ಈ ಊರಿನ ಜನ ಈ ಕಾಡನ್ನು ಬಸ್ಸಿನ ಕಿಟಕಿಯಿಂದ ದಿನಾ ನೋಡುತ್ತಾರೆ, ಒಳಗೆ ಇಷ್ಟು ಕತ್ತಲಿದೆಯೆಂದು ಅವರಿಗೆ ಗೊತ್ತಿರಲಾರದು.

ನಿಶ್ಚಿತಾಳ ಡ್ರೋನ್ ಮೇಲೆ ಎರಡು ಸುತ್ತು ಹಾಕಿ ಇಳಿಯಿತು. "ಬರೀ ಎಲೆ, ಆಂಟಿ. ಬ್ರಾಕಲಿ ಥರ ಕಾಣುತ್ತೆ. ಕೆಳಗೆ ಆನೆ ಇದ್ರೂ ಗೊತ್ತಾಗಲ್ಲ." ಅವಳು ಅದನ್ನು ಮಡಚಿ ಚೀಲಕ್ಕೆ ಸೇರಿಸಿ, ಕರಡಿಯನ್ನು ಹೊತ್ತು ತರಲು ತಂದಿದ್ದ ದಪ್ಪ ಕ್ಯಾನ್ವಾಸನ್ನು ಹೆಗಲಿಗೇರಿಸಿಕೊಂಡಳು. ಅದರ ನಾಲ್ಕು ಮೂಲೆಗೂ ಹಿಡಿಕೆಗಳಿದ್ದವು.

ಇನ್ನು ಉಳಿದದ್ದು ನಾಯಿಗಳು. ರಾಗಿ ಎಂಬ ಹೆಸರಿನ ಕಂದು ಬಣ್ಣದ ಗಂಡು, ಎಳ್ಳು ಎಂಬ ಕಪ್ಪು ಹೆಣ್ಣು. ಎರಡೂ ಬೀದಿಯಿಂದ ಬಂದವು. ದಿವಾಕರ ಅವುಗಳೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದ. ಕಸದ ತೊಟ್ಟಿಯ ಹತ್ತಿರ ಸಿಕ್ಕಿದ್ದ ಕರಡಿಯ ರೋಮ ಮೂಸಿಸಿ, "ಹುಡುಕ್ರೋ ಮಕ್ಕಳಾ," ಎಂದ.

"ಇವಕ್ಕೆ ಇಂಗ್ಲಿಷ್ ಬರಲ್ವಾ?" ಎಂದು ಕೇಳಿದ ಕರಣ್.

"ಬರುತ್ತೆ. ಬಿಸ್ಕತ್ ಅನ್ನೋದೊಂದು," ಎಂದ ದಿವಾಕರ.

ನಾಯಿಗಳು ಹಗ್ಗ ಜಗ್ಗಿಕೊಂಡು ಇಳಿಜಾರಿನತ್ತ ಎಳೆದವು. ಸ್ವಲ್ಪ ದೂರದಲ್ಲಿ ಗುರುತು ಸಿಕ್ಕಿತು. ಬಿದ್ದ ಮರವೊಂದನ್ನು ಬಾಚಿ ಬಾಚಿ ಸೀಳಲಾಗಿತ್ತು, ಗೆದ್ದಲು ಇನ್ನೂ ಗಾಬರಿಯಿಂದ ಓಡಾಡುತ್ತಿದ್ದವು. ಅಲಮೇಲು ಬಗ್ಗಿ ಉಗುರಿನ ಗೀರಿಗೆ ಬೆರಳಿಟ್ಟಳು. ಒದ್ದೆಯಾಗಿತ್ತು.

"ಈಗ ತಾನೇ," ಎಂದಳು ಮೆಲ್ಲಗೆ. "ಬಿಡಿ, ದಿವಾಕರ್."

ಹಗ್ಗ ಬಿಚ್ಚಿದ ಕ್ಷಣಕ್ಕೆ ನಾಯಿಗಳೆರಡೂ ಬೆತ್ತದ ಪೊದೆಯೊಳಗೆ ನುಗ್ಗಿ ಮಾಯವಾದವು. ನಾಲ್ವರೂ ನಿಂತು ಕಿವಿಗೊಟ್ಟರು. ಕರಡಿ ಕಂಡರೆ ನಾಯಿ ಬೊಗಳುತ್ತದೆ, ಆ ಸದ್ದಿನ ಜಾಡು ಹಿಡಿದು ಹೋಗುವುದು: ಯೋಜನೆ ಇದ್ದದ್ದು ಅಷ್ಟೇ.

ಸದ್ದಿಲ್ಲ.

ಜೀರುಂಡೆ ಕಿರುಗುಟ್ಟಿತು. ನಿಂತಿತು. ಮತ್ತೆ ಕಿರುಗುಟ್ಟಿತು. ನಿಶ್ಚಿತಾ ಟ್ಯಾಬ್ ನೋಡಿದಳು. ನಾಯಿಗಳ ಕಾಲರಿನ ಚುಕ್ಕೆಗಳೆರಡೂ ಅವರು ನಿಂತ ಜಾಗದಲ್ಲೇ ಅಂಟಿಕೊಂಡಿದ್ದವು. "ಕಣಿವೆಗೆ ಇಳಿದ ಮೇಲೆ ಸಿಗ್ನಲ್ ಇಲ್ಲ."

"ಬೊಗಳ್ತವೆ ತಾನೇ?" ಎಂದು ಕೇಳಿದಳು ಅಲಮೇಲು.

ದಿವಾಕರ ಖಾಲಿ ಹಗ್ಗವನ್ನು ಕೈಗೆ ಸುತ್ತಿಕೊಳ್ಳತೊಡಗಿದ.

"ದಿವಾಕರ್?"

"ಮೇಡಂ... ಅವು ಬೊಗಳಲ್ಲ."

"ಅಂದ್ರೆ?"

"ಫ್ಲಾಟಲ್ಲಿ ಸಾಕಿದ್ದು ಮೇಡಂ. ಮೊದಲ ತಿಂಗಳೇ ಮೇಲಿನ ಮನೆಯವರು ಕಂಪ್ಲೇಂಟ್ ಕೊಟ್ಟರು, ಕೆಳಗಿನವರು ಕೊಟ್ಟರು. ಇನ್ನೊಂದು ಸಲ ಆದ್ರೆ ನಾಯಿ ಬಿಟ್ಟುಕೊಡಬೇಕು ಅಂದ್ರು. ಆಮೇಲೆ ಬೊಗಳದೇ ಇರೋ ಹಾಗೆ ಟ್ರೇನ್ ಮಾಡಿದೆ. ಬೊಗಳಿದರೆ ಬಿಸ್ಕತ್ ಇಲ್ಲ. ಆರು ವರ್ಷ ಆಯ್ತು, ಕೆಮ್ಮಿಲ್ಲ ಕೂಡ. ದಾರಿತಪ್ಪಿದವರನ್ನ ಹುಡುಕುವಾಗ ಹಗ್ಗ ಹಿಡಿದೇ ಹೋಗ್ತೀನಿ, ಬೊಗಳೋ ಅಗತ್ಯವೇ ಬಿದ್ದಿಲ್ಲ. ಇವತ್ತು ಬಿಡ್ತೀವಿ ಅನ್ನೋದು... ಅದು ತಲೆಗೇ ಬರಲಿಲ್ಲ."

ಏನೆಂದು ಕೇಳಿ ತಿಳಿದುಕೊಂಡ ಕರಣ್ ಆಕಾಶದತ್ತ ನೋಡಿದ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು.

ಅಲಮೇಲುವಿಗೆ ಸಿಟ್ಟು ಬಂತು. ಮೊದಲು ದಿವಾಕರನ ಮೇಲೆ, ಮರುಕ್ಷಣ ತನ್ನ ಮೇಲೆ. ಬಂದೂಕಿನ ಬಗ್ಗೆ ಅಷ್ಟು ಕೇಳಿದವಳು ನಾಯಿಗಳ ಬಗ್ಗೆ ಒಂದು ಮಾತು ಕೇಳಬಹುದಿತ್ತು. ತಾನೂ ಅಂಥದೇ ಫ್ಲಾಟಿನಲ್ಲಿ ಇಷ್ಟು ವರ್ಷ ಬದುಕಿದವಳು. ಮಿಕ್ಸಿ ತಿರುಗಿಸಲು ಹೊತ್ತು ನೋಡಿದವಳು, ಅಳು ಬಂದಾಗ ನಲ್ಲಿ ಬಿಟ್ಟವಳು. ಸದ್ದು ಮಾಡದಿರುವುದನ್ನು ಇಲ್ಲಿ ಯಾರೂ ಗಮನಿಸುವುದೇ ಇಲ್ಲ.

"ಕರೀರಿ ಅವನ್ನ," ಎಂದಳು.

ದಿವಾಕರ ಸಿಳ್ಳೆ ಹಾಕಿದ. ಕಾದರು. ಮತ್ತೆ ಸಿಳ್ಳೆ. ದೂರದಲ್ಲಿ ಗುಡುಗು ಉರುಳಿತು. ಹೊತ್ತು ಸರಿಯುತ್ತಿತ್ತು. ಕರಣ್ ಎರಡು ಸಲ ರೇಡಿಯೋದಲ್ಲಿ ಯಾರಿಗೋ ಉತ್ತರ ಕೊಟ್ಟ. ಎರಡನೆಯ ಸಲ, "ಇಲ್ಲ, ಇನ್ನೂ ಇಲ್ಲ. ಹೌದು, ರೆಡಿ ಇರಿ," ಎಂದ.

ಪೊದೆ ಅಲುಗಿತು. ರಾಗಿ ಬಂದ. ಮೈಯೆಲ್ಲ ಕೆಸರು, ಮೂಗಿನ ಮೇಲೆ ಬೆತ್ತದ ಗೀರು. ಒಬ್ಬನೇ. ಎಳ್ಳು ಇಲ್ಲ. ಅವನು ನೇರವಾಗಿ ದಿವಾಕರನ ಹತ್ತಿರ ಬಂದು ಮೊಣಕಾಲಿಗೆ ಮೂಗು ಒತ್ತಿ ನಿಂತ.

"ಹೆದರಿಬಿಟ್ಟ," ಎಂದ ದಿವಾಕರ. "ಎಳ್ಳು ಎಲ್ಲೋ? ಹಾಂ? ಎಲ್ಲಿ ಬಿಟ್ಟು ಬಂದೆ?" ಹಗ್ಗ ಸಿಕ್ಕಿಸಲು ಬಗ್ಗಿದ. ರಾಗಿ ಹಿಂದೆ ಸರಿದು, ಮತ್ತೆ ಬಂದು, ಮತ್ತೆ ಮೊಣಕಾಲಿಗೆ ಮೂಗು ಒತ್ತಿದ. "ಸಾಕು ಕೂತ್ಕೋ!"

"ಅಂಕಲ್, ಒಂದು ನಿಮಿಷ," ಎಂದಳು ನಿಶ್ಚಿತಾ. "ದೀಪಾವಳಿಗೆ ನಿಮ್ಮನೇಗೆ ಬಂದಿದ್ನಲ್ಲ, ನಾನು ಬೆಲ್ ಹೊಡೆದಾಗ ಇವನು ಹೀಗೇ ಮಾಡಿದ್ದ. ನಿಮ್ಮ ಕಾಲಿಗೆ ಮೂಗು ತಾಗಿಸಿ ಬಾಗಿಲ ಕಡೆ ಹೋದ. ನೀವೇ ಹೇಳಿದ್ರಿ, ಬಾಗಿಲಲ್ಲಿ ಯಾರೋ ಇದಾರೆ ಅಂತ ಹೇಳ್ತಿದಾನೆ ಅಂತ."

ದಿವಾಕರ ಬಗ್ಗಿದ್ದವನು ಹಾಗೇ ನಿಂತ.

"ಬೊಗಳೋದರ ಬದಲು ಅದನ್ನ ಕಲಿಸಿದ್ದು," ಎಂದ ನಿಧಾನಕ್ಕೆ. "ಮೂಗು ತಾಗಿಸಿದರೆ ಬಿಸ್ಕತ್."

"ಹಾಗಾದ್ರೆ ಕೊಡಿ ಬಿಸ್ಕತ್!" ಎಂದಳು ಅಲಮೇಲು. "ಯಾರೋ ಇದಾರೆ ಅಂತಿದಾನೆ ಅವನು."

ಬಿಸ್ಕತ್ತನ್ನು ಒಂದೇ ಗುಕ್ಕಿಗೆ ನುಂಗಿ ರಾಗಿ ತಿರುಗಿದ. ಪೊದೆಯ ಬಾಯಲ್ಲಿ ನಿಂತು ಹಿಂದಿರುಗಿ ನೋಡಿದ, ಬರುತ್ತೀರೋ ಇಲ್ಲವೋ ಎನ್ನುವ ಹಾಗೆ.

ಬೆತ್ತದೊಳಗೆ ನಿಂತು ನಡೆಯಲು ಆಗುತ್ತಿರಲಿಲ್ಲ. ಬಳ್ಳಿಯ ತುದಿಗಳಲ್ಲಿ ಹಿಂದಕ್ಕೆ ಬಾಗಿದ ಕೊಕ್ಕೆಗಳು. ಒಂದು ತೋಳು ಬಿಡಿಸಿಕೊಂಡರೆ ಇನ್ನೊಂದು ಕತ್ತಿನ ಹತ್ತಿರ ಹಿಡಿಯುತ್ತಿತ್ತು. ಅಲಮೇಲು ಅಂಬೆಗಾಲಿಟ್ಟಳು. ಒಂದು ಕೈಯಲ್ಲಿ ಕೊಂಬೆ ಎತ್ತುವುದು, ಇನ್ನೊಂದರಲ್ಲಿ ನೆಲ ಹಿಡಿಯುವುದು. ಪಿಸ್ತೂಲು ಸೊಂಟದಲ್ಲಿ ಬೆಚ್ಚಗೆ ಕೂತಿತ್ತು. ಮೊಣಕಾಲು ನೋಯುತ್ತಿತ್ತು. ಇತ್ತೀಚೆಗೆ ಹೊತ್ತಲ್ಲದ ಹೊತ್ತಿನಲ್ಲಿ ಮೈಯಿಂದ ಏಳುವ ಬಿಸಿ ಈಗಲೂ ಎದ್ದು ಕಿವಿಯವರೆಗೆ ಹರಡಿತು. ಏಳಲಿ ಎಂದುಕೊಂಡಳು. ಇಲ್ಲಿ ಎಲ್ಲರೂ ಬೆವರುತ್ತಿದ್ದಾರೆ.

ಹಿಂದಿನಿಂದ ಕರಣ್ ಪಿಸುಗುಟ್ಟಿದ. "ರೈಫಲ್ ಇದ್ದಿದ್ರೆ ಇಷ್ಟೊತ್ತಿಗೆ ಮೂರು ಸಲ ಗಿಡಕ್ಕೆ ನೇತಾಡ್ತಿತ್ತು."

"ಶ್."

ಇಳಿಜಾರು ಮುಗಿದು ಸಣ್ಣ ತೊರೆ. ತೊರೆಯಾಚೆ ಒಂದಿಷ್ಟು ಬಯಲು, ಬುಡಮೇಲಾಗಿ ಬಿದ್ದ ಒಂದು ಮರ. ರಾಗಿ ನಿಂತುಬಿಟ್ಟ.

ಮೊದಲು ಕಂಡದ್ದು ಎಳ್ಳು. ಬಿದ್ದ ಮರದಿಂದ ತುಸು ದೂರದಲ್ಲಿ, ಮನೆಯ ಹೊಸ್ತಿಲಲ್ಲಿ ಕೂತಂತೆ ನೆಟ್ಟಗೆ ಕೂತಿದ್ದಳು. ಕಿವಿ ಮುಂದಕ್ಕೆ, ಬಾಯಿ ಮುಚ್ಚಿ. ಅವಳೆದುರಿಗೆ, ಮರದ ಪೊಳ್ಳಿನೊಳಗೆ ತಲೆ ತೂರಿಸಿಕೊಂಡು ಕರಡಿ ಏನನ್ನೋ ನೆಕ್ಕುತ್ತಿತ್ತು. ಸುತ್ತ ಪುಟ್ಟ ಜೇನುಹುಳುಗಳ ಮೋಡ. ಆಗಾಗ ತಲೆ ಹೊರತೆಗೆದು ನಾಯಿಯತ್ತ ಒಂದು ಗುಟುರು ಹಾಕುತ್ತಿತ್ತು. ನಾಯಿ ಅಲುಗುತ್ತಿರಲಿಲ್ಲ. ಕರಡಿ ಮತ್ತೆ ತನ್ನ ಕೆಲಸಕ್ಕೆ ತಿರುಗುತ್ತಿತ್ತು.

ಬೊಗಳಿದ್ದರೆ ಅದು ಆಗಲೇ ಮರ ಹತ್ತಿರುತ್ತಿತ್ತು. ಇದು ಅಲಮೇಲುವಿಗೆ ಹೊಳೆದದ್ದು ಆಗ.

ಕೈ ಮಾಡಿ ಎಲ್ಲರನ್ನೂ ಅಲ್ಲೇ ನಿಲ್ಲಿಸಿದಳು. ಪಿಸ್ತೂಲು ತೆಗೆದಳು. ಗ್ಯಾಸಿನ ಒತ್ತಡ ತೋರುವ ಮುಳ್ಳನ್ನು ಕೆಳಗಿನ ಗೆರೆಗೆ ಇಳಿಸಿದಳು. ಬಾಲದಲ್ಲಿ ಗುಲಾಬಿ ಕುಚ್ಚಿದ್ದ ಡಾರ್ಟ್ ಕೂರಿಸಿದಳು.

ನೀರಿಗಿಳಿದಳು. ತಣ್ಣಗಿತ್ತು.

ಒಂದು ಹೆಜ್ಜೆ. ಕರಡಿ ನೆಕ್ಕುತ್ತಿತ್ತು.

ಇನ್ನೊಂದು. ಗುರಿಗೆ ಎಳ್ಳು ಅಡ್ಡವಾಗಿದ್ದಳು. ಎಡಕ್ಕೆ ಸರಿಯಬೇಕಾಯಿತು. ಕಾಲಡಿ ಕಲ್ಲು ಜಾರಿತು. ಅವಳು ನಿಂತಳು.

ಕರಡಿ ತಲೆಯೆತ್ತಿತು. ಮೂತಿಗೆಲ್ಲ ಜೇನು. ಕತ್ತಿನ ಸುತ್ತ ರೋಮ ಇರಲಿಲ್ಲ, ಸರಪಳಿ ತಿಂದ ಜಾಗ ಬೋಳಾಗಿ ಹೊಳೆಯುತ್ತಿತ್ತು. ಅದು ಅವಳನ್ನು ನೋಡಿತು. ಮನುಷ್ಯರನ್ನು ಬಹಳ ನೋಡಿದ್ದ ಕಣ್ಣು, ಏನಾದರೂ ಕೊಡುತ್ತಾಳೋ ಹೊಡೆಯುತ್ತಾಳೋ ಎಂದು ಅಳೆಯುವ ಕಣ್ಣು. ಅಲಮೇಲು ಉಸಿರು ಬಿಡಲಿಲ್ಲ.

ಅದು ಮತ್ತೆ ಪೊಳ್ಳಿಗೆ ಬಗ್ಗಿತು. ತೊಡೆ ಇತ್ತ ತಿರುಗಿತು.

ತೋಳು ಚಾಚಿದಳು. ಒತ್ತಿದಳು.

ಪುಸ್ಸೆಂಬ ಸಣ್ಣ ಸದ್ದು. ಗುಲಾಬಿ ಕುಚ್ಚು ಕರಡಿಯ ತೊಡೆಯ ಮೇಲೆ ನಿಂತಿತು.

ಕರಡಿ ಅರಚುತ್ತ ಗರಕ್ಕನೆ ತಿರುಗಿತು. ಎರಡು ಕಾಲ ಮೇಲೆ ನಿಂತು ಬಾಯಿ ತೆರೆಯಿತು.

"ಡಾಕ್ಟರ್, ಪಕ್ಕಕ್ಕೆ!" ಕರಣ್ ಹೊರಬಂದಿದ್ದ. ಅವನ ಪಿಸ್ತೂಲು ಕೈಯಲ್ಲಿತ್ತು.

"ಬೇಡ! ಹೊಡೀಬೇಡಿ!"

ಅವಳು ಪಕ್ಕಕ್ಕೆ ಸರಿಯಲಿಲ್ಲ. ಸರಿದರೆ ಅವನಿಗೆ ಗುರಿ ಸಿಗುತ್ತಿತ್ತು. ಕರಡಿ ಮುಂಗಾಲು ಇಳಿಸಿ ನುಗ್ಗಿತು. ಎಳ್ಳು ಸದ್ದಿಲ್ಲದೆ ಅದರ ಮಗ್ಗುಲಿಗೆ ಹಾರಿದಳು. ಕರಡಿ ದಾರಿ ಬದಲಿಸಿ, ಅಲಮೇಲುವಿನ ತೋಳಿಗೆ ಗಾಳಿ ತಾಗುವಷ್ಟು ಹತ್ತಿರದಿಂದ ಓಡಿ, ಹಳೆಯ ರಬ್ಬರ್ ಮರವೊಂದನ್ನು ತಬ್ಬಿಕೊಂಡಿತು.

ಹತ್ತತೊಡಗಿತು.

"ಅಯ್ಯೋ, ಬೇಡ ಕಣೇ," ಎಂದಳು ಅಲಮೇಲು ಕರಡಿಗೆ. "ಬೇಡ, ಇಳಿ."

ಅದು ಮನೆಯ ಎರಡನೇ ಮಾಳಿಗೆಯಷ್ಟು ಎತ್ತರಕ್ಕೆ ಹೋಗಿ ಒಂದು ಕವಲಿನಲ್ಲಿ ಕೂತಿತು. ಕೆಳಗೆ ಬೇರುಗಳು, ಕಲ್ಲುಗಳು.

"ಎಷ್ಟು ಹೊತ್ತಿಗೆ ಮಂಪರು ಬರುತ್ತೆ?" ಎಂದ ಕರಣ್. ಪಿಸ್ತೂಲು ಇನ್ನೂ ಮೇಲ್ಮುಖವಾಗಿತ್ತು.

"ಕೆಲವೇ ನಿಮಿಷ. ನಿಶ್ಚಿತಾ, ಕ್ಯಾನ್ವಾಸ್ ಬಿಚ್ಚು. ದಿವಾಕರ್, ಆ ಮೂಲೆ. ನಾಯಿಗಳನ್ನ ಕೂರಿಸಿ. ಕರಣ್, ನೀವು ಈ ಮೂಲೆ ಹಿಡೀರಿ."

"ನನಗೆ ಆಗಲ್ಲ. ಪ್ರಾಣಿ ಪೂರ್ತಿ ಮಲಗೋವರೆಗೂ ಗನ್ ಕೆಳಗಿಡಬಾರದು. ಅದು ನನಗಿರೋ ಆರ್ಡರ್."

"ಆರ್ಡರ್ ಯಾಕೆ? ಜನರನ್ನ ಕಾಪಾಡೋಕೆ. ಇಲ್ಲಿರೋ ಜನ ನಾವೇ ತಾನೇ? ಮೂರು ಮೂಲೆ ಹಿಡಿದರೆ ಕರಡಿ ನಿಲ್ಲಲ್ಲ." ಅವಳು ಆಗಲೇ ತನ್ನ ಪಿಸ್ತೂಲನ್ನು ಸೊಂಟಕ್ಕೆ ಸೇರಿಸಿ ಹಿಡಿಕೆಗೆ ಎರಡೂ ಕೈ ಹಾಕಿದ್ದಳು. "ಒಳಗಿಡಿ. ಎರಡು ಕೈ ಬೇಕು."

ಮೇಲೆ ಕರಡಿಯ ತಲೆ ಒಂದು ಸಲ ತೂಗಿತು.

ಕರಣ್ ಬೈಗುಳವೊಂದನ್ನು ಪಂಜಾಬಿಯಲ್ಲಿ ನುಂಗಿದ. ಪಿಸ್ತೂಲು ಒರೆಯೊಳಗೆ ಹೋಯಿತು. ಅವನು ಮೂಲೆ ಹಿಡಿದ.

ನಾಲ್ವರೂ ಕತ್ತು ಹಿಂದಕ್ಕೆ ಬಾಗಿಸಿ ನಿಂತರು. ಮಳೆಯ ಮೊದಲ ಹನಿಗಳು ಎಲೆಗಳ ಮೇಲೆ ಬೀಳತೊಡಗಿದವು. ಕನ್ನಡಕದ ಮೇಲೂ ಬಿದ್ದವು. ಒರೆಸಲು ಕೈ ಖಾಲಿ ಇರಲಿಲ್ಲ.

ಕರಡಿಯ ನಾಲಿಗೆ ಹೊರಬಂತು. ಒಂದು ಮುಂಗಾಲು ಸಡಿಲವಾಗಿ ಕೆಳಗೆ ಇಳಿಬಿತ್ತು.

"ನನ್ನ ಕಡೆ ಬರ್ತಿದೆ," ಎಂದ ದಿವಾಕರ.

"ಇಲ್ಲ, ಬಲಕ್ಕೆ ಲಾ, ಬಲಕ್ಕೆ!"

"ಎರಡು ಹೆಜ್ಜೆ ಬಲಕ್ಕೆ. ಎಲ್ಲರೂ. ಬಿಗಿ ಹಿಡೀರಿ."

ಬಿತ್ತು.

ಕ್ಯಾನ್ವಾಸ್ ನಡುವೆ ತಗ್ಗಿ, ತೋಳುಗಳನ್ನು ಕಿತ್ತುಕೊಂಡು ಹೋಗುವಂತೆ ಎಳೆಯಿತು. ನಿಶ್ಚಿತಾ ಮುಗ್ಗರಿಸಿ ಮಂಡಿಯೂರಿದಳು, ಹಿಡಿಕೆ ಬಿಡಲಿಲ್ಲ. ದಿವಾಕರನ ಮೂಲೆಯ ಹೊಲಿಗೆ ಪರ್ರೆಂದು ಹರಿಯಿತು. ಕರಡಿ ಜಾರಿ, ಅಷ್ಟು ಮೆತ್ತಗೂ ಅಲ್ಲ, ಅಷ್ಟು ಗಟ್ಟಿಯಾಗಿಯೂ ಅಲ್ಲ, ಕೊಳೆತ ಎಲೆಗಳ ಮೇಲೆ ಮಗ್ಗುಲಾಯಿತು.

ಅಲಮೇಲು ಅದರ ಪಕ್ಕ ಕೂತು ಕತ್ತು ನೆಟ್ಟಗೆ ಮಾಡಿದಳು. ನಾಲಿಗೆಯನ್ನು ಪಕ್ಕಕ್ಕೆ ಎಳೆದಳು. ಪಕ್ಕೆ, ಕಾಲು, ಬೆನ್ನು ಒಂದೊಂದಾಗಿ ಒತ್ತಿ ನೋಡಿದಳು. ಎದೆಯ ಹಳದಿ ಚಂದ್ರದ ಮೇಲೆ ಅಂಗೈಯಿಟ್ಟು ಕಾದಳು.

"ಆಂಟಿ?"

"ಉಸಿರಿದೆ," ಎಂದಳು. "ಮೂಳೆ ಮುರಿದಿಲ್ಲ. ಏಳೋವರೆಗೂ ಏನೂ ಹೇಳೋ ಹಾಗಿಲ್ಲ. ನಡೀರಿ, ಮಳೆ ಜೋರಾಗೋ ಮುಂಚೆ ಮೇಲೆ ಹೋಗಬೇಕು."

ಹರಿದ ಮೂಲೆಯನ್ನು ನಾಯಿಯ ಹಗ್ಗದಿಂದ ಕಟ್ಟಿದರು. ಕರಡಿಯ ಕಣ್ಣಿಗೆ ಅಲಮೇಲುವಿನ ದುಪಟ್ಟಾ. ಬಂದ ದಾರಿಯನ್ನೇ ಹಿಡಿದರು. ಆದರೆ ಬರುವಾಗ ಇಳಿಜಾರಾಗಿದ್ದದ್ದು ಈಗ ಏರು, ನೆಲ ಕೆಸರು. ಬೆತ್ತದ ಪೊದೆಯನ್ನು ಕರಣ್ ಮುಂದೆ ನಿಂತು ಕತ್ತಿಯಿಂದ ಕಡಿಯುತ್ತ, ಹಿಂದೆ ಬಂದು ಹೊರುತ್ತ, ಮತ್ತೆ ಮುಂದೆ ಹೋಗಿ ಕಡಿಯುತ್ತ ಬಂದ. ಅವನ ಅಂಗಿಯ ತೋಳು ಹರಿದು ಜೋತುಬಿದ್ದಿತ್ತು. ನಾಯಿಗಳು ಎರಡೂ ಬದಿಗೆ ನಡೆದವು, ಮೆರವಣಿಗೆಯಲ್ಲಿ ನಡೆಯುವವರ ಹಾಗೆ. ಮೇಲೆ ತಲುಪಿದಾಗ ಫ್ಲಾಟುಗಳಲ್ಲಿ ದೀಪ ಹತ್ತುತ್ತಿದ್ದವು. ಕಾರ್ ಪಾರ್ಕಿನಲ್ಲಿ ಇನ್ನೊಂದು ವ್ಯಾನು ಬಂದು ನಿಂತಿತ್ತು, ಅದರೊಳಗಿದ್ದವರು ಉದ್ದ ಬಂದೂಕುಗಳನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಫೋನ್ ನೋಡುತ್ತಿದ್ದರು.

ಕರಣ್ ಅವರ ಹತ್ತಿರ ಹೋಗಿ ಏನೋ ಹೇಳಿದ. ಅವರು ಇಣುಕಿ ನೋಡಿದರು. ಹೋಗಲಿಲ್ಲ. ಕರಡಿ ಪಂಜರದಲ್ಲಿ ಎದ್ದು ಕೂರುವವರೆಗೆ ಇರಬೇಕಂತೆ.

ಅಲಮೇಲು ಅರಿವಳಿಕೆ ಇಳಿಸುವ ಚುಚ್ಚುಮದ್ದು ಕೊಟ್ಟು ಪಂಜರದ ಬಾಗಿಲು ಹಾಕಿದಳು. ಇನ್ನು ಕಾಯುವುದೊಂದೇ ಬಾಕಿ. ಪಕ್ಕದ ಬ್ಲಾಕಿನ ಕೆಳಗಿನ ಕಾಫಿ ಅಂಗಡಿಗೆ ಹೊರಟ ದಿವಾಕರ ತಿರುಗಿ ಕೇಳಿದ. ಅವನಿಗೆ ಇನ್ನೂ ಅವಳ ಮುಖ ನೋಡಲು ಸಂಕೋಚವಿತ್ತು.

"ಮೇಡಂ, ನಿಮಗೆ ಕಾಫಿನಾ ಟೀನಾ?"

"ಯಾವು..." ಎಂದವಳು ನಿಲ್ಲಿಸಿದಳು. "ಕಾಫಿ. ಹಾಲು ಹಾಕಿಸಿ, ಸಕ್ಕರೆ ಕಮ್ಮಿ. ಜೊತೆಗೆ ಒಂದು ಟೋಸ್ಟ್, ತೆಂಗಿನಹಾಲಿನ ಕಾಯಾ ಜಾಮ್ ಹಚ್ಚಿದ್ದು. ಬೆಣ್ಣೆ ಜಾಸ್ತಿ."

"ಅವರಿಗೂ?" ಎಂದು ನಾಯಿಗಳತ್ತ ಬೆರಳು ಮಾಡಿದಳು ನಿಶ್ಚಿತಾ.

"ಅವರು ಏನು ಕೇಳಿದರೂ ಕೊಡಿಸಿ."

ವ್ಯಾನಿನ ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ಕೂತು ಕುಡಿದರು. ಮಳೆ ನಿಂತಿತ್ತು. ಬಟ್ಟೆಯಿಂದ ಕೆಸರಿನ ವಾಸನೆ ಬರುತ್ತಿತ್ತು. ಅಲಮೇಲು ನಿಮಿಷಕ್ಕೊಮ್ಮೆ ಎದ್ದು ಪಂಜರದೊಳಗೆ ಟಾರ್ಚ್ ಬಿಟ್ಟು ಬರುತ್ತಿದ್ದಳು. ಉಸಿರಿತ್ತು, ಅಷ್ಟೇ. ಏಳಬೇಕಾದ ಹೊತ್ತು ಮೀರುತ್ತಿತ್ತು. ಆ ಕಡೆಯ ವ್ಯಾನಿನಿಂದ ಒಬ್ಬ ಇಳಿದು, ಕೈಗಡಿಯಾರ ನೋಡಿ, ಮತ್ತೆ ಒಳಗೆ ಹೋದ. ಫೋನಿನಲ್ಲಿ ಗಿರಿಧರನ ಏಳೋ ಎಂಟೋ ಮಿಸ್ಡ್ ಕಾಲ್‌ಗಳಿದ್ದವು. ಇನ್ನೂ ಉತ್ತರಿಸುವ ಧೈರ್ಯವಿರಲಿಲ್ಲ. ಏನೆಂದು ಹೇಳುವುದು?

ಟೋಸ್ಟಿನ ಕೊನೆಯ ಚೂರು ಬಾಯಿಗಿಡುವಾಗ ಮೊಣಕಾಲಿಗೆ ಏನೋ ತಣ್ಣಗೆ ತಾಗಿತು.

ರಾಗಿ. ದಿವಾಕರ ಪಕ್ಕದಲ್ಲೇ ಇದ್ದರೂ ಅವನ ಹತ್ತಿರ ಹೋಗಿರಲಿಲ್ಲ. ಅಲಮೇಲುವಿನ ನೋಯುವ ಮೊಣಕಾಲಿಗೆ ಒದ್ದೆ ಮೂಗು ಒತ್ತಿ, ತಿರುಗಿ, ವ್ಯಾನಿನ ಹಿಂಬಾಗಿಲತ್ತ ನಾಲ್ಕು ಹೆಜ್ಜೆ ನಡೆದು ನಿಂತು, ಹಿಂದಿರುಗಿ ನೋಡಿದ.

ಅವಳು ಕಾಫಿ ಲೋಟವನ್ನು ಕಟ್ಟೆಯ ಮೇಲಿಟ್ಟು ಎದ್ದಳು. ಹಿಂಬಾಗಿಲನ್ನು ಮೆಲ್ಲಗೆ ಸರಿಸಿದಳು.

ಕರಡಿ ಎದ್ದು ಕೂತಿತ್ತು. ತೂಕಡಿಸುವ ತಲೆಯನ್ನು ಸರಳಿಗೆ ಆನಿಸಿಕೊಂಡು, ಮೂತಿಗೆ ಅಂಟಿದ ಜೇನನ್ನು ಉದ್ದ ನಾಲಿಗೆಯಿಂದ ನೆಕ್ಕುತ್ತಿತ್ತು.